ಟಸರ್ ಪತಂಗ: ಅದರ ವರ್ಗೀಕರಣ, ರೂಪಲಕ್ಷಣ ಮತ್ತು ರೇಷ್ಮೆಯ ಪೂರ್ವೇತಿಹಾಸ

ರೇಷ್ಮೆಯು ಚೀನಾ ದೇಶದಲ್ಲಿ ಹುಟ್ಟಿ ಅಲ್ಲಿಂದ ಇತರ ದೇಶಗಳಿಗೆ ಹರಡಿತೆಂಬ ಮಾತು ನಮ್ಮ ಪಠ್ಯಪುಸ್ತಕಗಳಲ್ಲಿ ಬಹುಕಾಲದಿಂದ ನೆಲೆಸಿದೆ. ತರಗತಿಯಲ್ಲಿ ಪಾಠ ಹೇಳುವ ನಾವು ಅದನ್ನು ಒಂದು ವಾಕ್ಯದಲ್ಲಿ ಮುಗಿಸಿ ಮುಂದಿನ ವಿಷಯಕ್ಕೆ ಹೋಗುತ್ತೇವೆ. ವಿದ್ಯಾರ್ಥಿಗಳು ಹಾಗೆಯೇ ಬರೆದುಕೊಳ್ಳುತ್ತಾರೆ. ಆ ವಾಕ್ಯ ಸುಳ್ಳಲ್ಲ, ಆದರೆ ಅಪೂರ್ಣವಾದುದು. ಹಿಪ್ಪುನೇರಳೆಯ ಸೊಪ್ಪನ್ನು ತಿಂದು ಬೆಳೆಯುವ, ಮನುಷ್ಯನ ಸಾಕಣೆಗೆ ಸಂಪೂರ್ಣವಾಗಿ ಒಳಪಟ್ಟ ಒಂದು ಪತಂಗದ ಮಟ್ಟಿಗೆ ಅದು ಸಲ್ಲುತ್ತದೆ. ಆದರೆ ನೂಲನ್ನು ಕೊಡುವ ಪತಂಗ ಅದೊಂದೇ ಅಲ್ಲ. ಭಾರತದ ಕಾಡುಗಳಲ್ಲಿ ಮತ್ತಿ, ಹೊಳೆಮತ್ತಿ, ಸಾಲ ಮೊದಲಾದ ಮರಗಳ ಎಲೆಯನ್ನು ತಿಂದು, ಮರದ ಕೊಂಬೆಯಲ್ಲಿಯೇ ಗೂಡು ಕಟ್ಟುವ ಮತ್ತೊಂದು ಪತಂಗವಿದೆ. ಅದೇ ಟಸರ್ ಪತಂಗ. ಇದು ಯಾವ ದೇಶದಿಂದಲೂ ಬಂದುದಲ್ಲ, ಈ ನೆಲದ್ದೇ.

ಹೀಗಿರುವಾಗ, ಪ್ರಾಚೀನ ಕಾಲದ ರೇಷ್ಮೆಯ ಎಳೆಯೊಂದು ದೊರೆತರೆ ಇತಿಹಾಸಕಾರನು ಕೇಳಬೇಕಾದ ಮೊದಲ ಪ್ರಶ್ನೆ, ಅದು ಯಾವ ಪತಂಗದ್ದು ಎಂಬುದು. ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಪತಂಗದ ವರ್ಗೀಕರಣವನ್ನೂ ರೂಪಲಕ್ಷಣಗಳನ್ನೂ ತಕ್ಕಮಟ್ಟಿಗಾದರೂ ಅರಿತಿರಬೇಕು. ಪ್ರಸ್ತುತ ಲೇಖನದ ಉದ್ದೇಶ ಅವುಗಳನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿಯುವಂತೆ ವಿವರಿಸುವುದು. ಈ ಲೇಖಕನು ಪ್ರಾಣಿಶಾಸ್ತ್ರಜ್ಞನಲ್ಲ. ಇತಿಹಾಸದ ಒಂದು ಸಮಸ್ಯೆಯ ಜಾಡನ್ನು ಹಿಡಿದು ಆ ಶಾಸ್ತ್ರದ ಬಾಗಿಲಿಗೆ ಹೋದವನು.

ಗಣ, ಕುಟುಂಬ, ಜಾತಿ

ಚಿಟ್ಟೆಗಳೂ ಪತಂಗಗಳೂ ಲೆಪಿಡಾಪ್ಟೆರ ಎಂಬ ಒಂದೇ ಗಣಕ್ಕೆ ಸೇರಿದವು. ಹುರುಪೆಗಳಿಂದ ಮುಚ್ಚಿದ ರೆಕ್ಕೆಯುಳ್ಳವು ಎಂದು ಆ ಗ್ರೀಕ್ ಪದದ ಅರ್ಥ. ಪತಂಗದ ರೆಕ್ಕೆಯನ್ನು ಮುಟ್ಟಿದಾಗ ಬೆರಳಿಗೆ ಅಂಟುವ ಪುಡಿಯೇ ಈ ಹುರುಪೆ. ಗಣವನ್ನು ಮೇಲ್ಕುಟುಂಬಗಳಾಗಿಯೂ, ಅವನ್ನು ಕುಟುಂಬಗಳಾಗಿಯೂ, ಕುಟುಂಬವನ್ನು ಜಾತಿಗಳಾಗಿಯೂ, ಜಾತಿಯನ್ನು ಪ್ರಭೇದಗಳಾಗಿಯೂ ವಿಂಗಡಿಸುವುದು ಶಾಸ್ತ್ರದ ಪದ್ಧತಿ. ಪ್ರತಿಯೊಂದು ಜೀವಿಯ ಶಾಸ್ತ್ರೀಯ ನಾಮದಲ್ಲಿಯೂ ಎರಡು ಪದಗಳಿರುತ್ತವೆ. ಮೊದಲನೆಯದು ಜಾತಿಯನ್ನು ಸೂಚಿಸಿದರೆ, ಎರಡೂ ಕೂಡಿ ಪ್ರಭೇದವನ್ನು ಸೂಚಿಸುತ್ತವೆ.

ನಮ್ಮ ಸೀಮೆಯ ರೈತರು ಸಾಕುವ ಹಿಪ್ಪುನೇರಳೆ ರೇಷ್ಮೆಹುಳುವಿನ ಶಾಸ್ತ್ರೀಯ ನಾಮ ಬಾಂಬಿಕ್ಸ್ ಮೋರಿ. ಅದು ಬಾಂಬಿಸಿಡೀ ಕುಟುಂಬಕ್ಕೆ ಸೇರಿದೆ. ಟಸರ್ ಪತಂಗವಾದರೋ ಸ್ಯಾಟರ್ನಿಯಿಡೀ ಎಂಬ ಬೇರೊಂದು ಕುಟುಂಬದ್ದು. ಅದರ ಜಾತಿನಾಮ ಆಂಥೀರಿಯ. ಬಾಂಬಿಕಾಯ್ಡಿಯ ಎಂಬ ಮೇಲ್ಕುಟುಂಬ ಎರಡಕ್ಕೂ ಸಮಾನವಾದುದು. ಎಂದರೆ ಇವು ದೂರದ ದಾಯಾದಿಗಳೇ ಹೊರತು ಒಡಹುಟ್ಟಿದವಲ್ಲ. ಅಸ್ಸಾಮಿನ ಹೊಂಬಣ್ಣದ ಮೂಗಾ ರೇಷ್ಮೆಯನ್ನು ಕೊಡುವ ಆಂಥೀರಿಯ ಅಸ್ಸಾಮೆನ್ಸಿಸ್, ಚೀನಾದ ಓಕ್ ಮರದ ಆಂಥೀರಿಯ ಪೆರ್ನಿ, ಜಪಾನಿನ ಆಂಥೀರಿಯ ಯಮಮಾಯಿ, ಇವು ಟಸರ್ ಪತಂಗಕ್ಕೆ ಅತ್ಯಂತ ಹತ್ತಿರದ ಬಂಧುಗಳು. ಹರಳೆಲೆಯನ್ನು ತಿನ್ನುವ ಎರಿ ರೇಷ್ಮೆಹುಳು ಜಾತಿಯಲ್ಲಿ ಭಿನ್ನವಾದರೂ ಇದೇ ಕುಟುಂಬದ್ದು. ಪಶ್ಚಿಮಘಟ್ಟಗಳ ಕಾಡಂಚಿನ ಊರುಗಳಲ್ಲಿ ಮಳೆಗಾಲದ ರಾತ್ರಿ ದೀಪಕ್ಕೆ ಬಂದು ಜನರನ್ನು ಬೆರಗುಗೊಳಿಸುವ ಅಟ್ಲಾಸ್ ಪತಂಗ ಮತ್ತು ಉದ್ದ ಬಾಲದ ತಿಳಿಹಸುರು ಚಂದ್ರಪತಂಗ ಸಹ ಈ ಕುಟುಂಬದವೇ.

ಎರಡು ಹೆಸರುಗಳ ಇತಿಹಾಸ

ಟಸರ್ ಪತಂಗದ ಪ್ರಭೇದನಾಮದ ವಿಷಯದಲ್ಲಿ ಒಂದು ಹಳೆಯ ವಿವಾದವಿದೆ. ಸ್ವೀಡನ್ ದೇಶದ ಲಿನೀಯಸನು 1758ರಲ್ಲಿ ಪ್ರಕಟವಾದ ತನ್ನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಪ್ಯಾಫಿಯ ಎಂಬ ಹೆಸರನ್ನು ಕೊಟ್ಟನು. ಆಗ ಆಂಥೀರಿಯ ಎಂಬ ಜಾತಿಯ ಕಲ್ಪನೆಯೇ ಇರಲಿಲ್ಲ; ಇರುಳಿನ ಪತಂಗಗಳಲ್ಲಿ ಬಹುಪಾಲನ್ನು ಅವನು ಫಲೀನ ಎಂಬ ಒಂದೇ ಜಾತಿಯಲ್ಲಿ ಸೇರಿಸಿದ್ದನು. 1773ರಲ್ಲಿ ಇಂಗ್ಲೆಂಡಿನ ಡ್ರೂರಿ ಎಂಬ ಸಂಗ್ರಾಹಕನು ತನ್ನ ಸಚಿತ್ರ ಗ್ರಂಥದಲ್ಲಿ ಮೈಲಿಟ್ಟ ಎಂಬ ಮತ್ತೊಂದು ಹೆಸರನ್ನು ಬಳಕೆಗೆ ತಂದನು. ಜರ್ಮನಿಯ ಹ್ಯೂಬ್ನರನು 1819ರಲ್ಲಿ ಆಂಥೀರಿಯ ಜಾತಿಯನ್ನು ಸ್ಥಾಪಿಸಿದ ಮೇಲೆ ಈ ಎರಡು ಹೆಸರುಗಳೂ ಅದರಡಿಗೆ ಬಂದುವು.

ಈ ಎರಡು ಹೆಸರುಗಳ ಅರ್ಥ ಇತಿಹಾಸದ ವಿದ್ಯಾರ್ಥಿಗೆ ಸ್ವಾರಸ್ಯವಾಗಿ ತೋರದಿರದು. ಪ್ಯಾಫಿಯ ಎಂದರೆ ಸೈಪ್ರಸ್ ದ್ವೀಪದ ಪ್ಯಾಫೋಸ್ ಕ್ಷೇತ್ರದವಳು, ಎಂದರೆ ಗ್ರೀಕರ ಪ್ರೇಮದೇವತೆಯಾದ ಆಫ್ರೊಡೈಟಿ. ಅದೇ ದೇವತೆಯನ್ನು ಅಸ್ಸೀರಿಯದವರು ಮೈಲಿಟ್ಟ ಎಂದು ಕರೆಯುವರೆಂದು ಹೆರೊಡೊಟಸ್ ತನ್ನ ಇತಿಹಾಸದ ಮೊದಲನೆಯ ಪುಸ್ತಕದಲ್ಲಿ ಹೇಳಿದ್ದಾನೆ. ಒಂದೇ ದೇವತೆಗೆ ಎರಡು ನಾಡುಗಳಲ್ಲಿ ಸಂದ ಎರಡು ಹೆಸರುಗಳು ಹೀಗೆ ಒಂದೇ ಪತಂಗದ ಪಾಲಿಗೂ ಬಂದುವು.

ಆದರೆ ಅದು ನಿಜವಾಗಿಯೂ ಒಂದೇ ಪತಂಗವೇ? ಇಲ್ಲಿಯೇ ಪಂಡಿತರಲ್ಲಿ ಭಿನ್ನಾಭಿಪ್ರಾಯ. ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರಿಯಾಗಿದ್ದ ರಾಕ್ಸ್‌ಬರ್ಗ್ ಬಂಗಾಳದ ಟಸರ್ ಮತ್ತು ಎರಿ ಹುಳುಗಳನ್ನು ಕುರಿತು ಬರೆದ ಪ್ರಬಂಧ 1804ರಲ್ಲಿ ಲಂಡನ್ನಿನ ಲಿನೀಯನ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ಅವನು ಟಸರ್ ಪತಂಗವನ್ನು ಪ್ಯಾಫಿಯ ಎಂದೇ ಕರೆದನು. 1892ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿವರ್ಗವನ್ನು ಕುರಿತ ಗ್ರಂಥಮಾಲೆಯಲ್ಲಿ ಪತಂಗಗಳ ಮೊದಲ ಸಂಪುಟವನ್ನು ಬರೆದ ಹ್ಯಾಂಪ್ಸನ್ನನೂ ಪ್ಯಾಫಿಯ ಎಂಬ ಹೆಸರನ್ನೇ ಎತ್ತಿಹಿಡಿದನು. ಎರಡೂ ಒಂದೇ ಪ್ರಭೇದವಾದರೆ ಮೊದಲು ಇಟ್ಟ ಹೆಸರು ನಿಲ್ಲಬೇಕೆಂಬುದು ನಾಮಕರಣದ ನಿಯಮ. ಬೇರೆ ವಿದ್ವಾಂಸರು ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಕಾಣುವ ಪತಂಗಕ್ಕೆ ಪ್ಯಾಫಿಯ ಎಂಬುದನ್ನು ಮೀಸಲಿಟ್ಟು, ಮಧ್ಯ ಹಾಗೂ ಪೂರ್ವಭಾರತದ ಕಾಡುಗಳಲ್ಲಿ ನೂಲಿಗಾಗಿ ಬೆಳೆಸುವ ಪತಂಗವನ್ನು ಮೈಲಿಟ್ಟ ಎನ್ನುತ್ತಾರೆ. ರೇಷ್ಮೆ ಸಂಶೋಧನೆಯ ಬರಹಗಳಲ್ಲಿ ಇಂದು ಹೆಚ್ಚಾಗಿ ಕಾಣುವುದು ಮೈಲಿಟ್ಟ ಎಂಬ ಹೆಸರೇ.

ಇಷ್ಟು ಗೊಂದಲಕ್ಕೆ ಮುಖ್ಯ ಕಾರಣ ಈ ಪತಂಗದ ಬಣ್ಣ. ಅದು ಪ್ರದೇಶದಿಂದ ಪ್ರದೇಶಕ್ಕೆ, ಗಂಡಿನಿಂದ ಹೆಣ್ಣಿಗೆ, ಕೆಲವೊಮ್ಮೆ ಒಂದೇ ತಾಯಿಯ ಮೊಟ್ಟೆಗಳಿಂದ ಬಂದ ಮರಿಗಳಲ್ಲಿಯೂ ಬದಲಾಗುತ್ತದೆ. ಸಿಂಗಭೂಮಿಯ ಡಾಬಾ, ಒಡಿಶಾದ ಸುಕಿಂದ ಮತ್ತು ಮೋದಲ್, ಬಸ್ತಾರದ ರೈಲಿ ಎಂಬವು ಪ್ರದೇಶಾನುಸಾರವಾಗಿ ಬೇರ್ಪಟ್ಟ ತಳಿಗಳು. ಗೂಡಿನ ಗಾತ್ರ, ನೂಲಿನ ಪ್ರಮಾಣ, ವರ್ಷಕ್ಕೆ ಎಷ್ಟು ಬೆಳೆ ಎಂಬ ವಿಷಯಗಳಲ್ಲಿ ಅವು ಭಿನ್ನವಾಗಿದ್ದರೂ ಪ್ರಭೇದ ಒಂದೇ. ಆದುದರಿಂದ ಬಣ್ಣವನ್ನು ನಂಬಿ ಪ್ರಭೇದವನ್ನು ನಿರ್ಣಯಿಸಹೊರಟವರು ಮೋಸಹೋದುದು ಆಶ್ಚರ್ಯವಲ್ಲ. ಬದಲಾಗುವ ಲಕ್ಷಣ ಯಾವುದು, ಸ್ಥಿರವಾದ ಲಕ್ಷಣ ಯಾವುದು ಎಂಬ ವಿವೇಚನೆಯೇ ವರ್ಗೀಕರಣದ ತಿರುಳು.

ಪತಂಗದ ರೂಪ

ಟಸರ್ ಪತಂಗ ಗಾತ್ರದಲ್ಲಿ ದೊಡ್ಡದು. ರೆಕ್ಕೆಗಳನ್ನು ಹರಡಿದಾಗ ತುದಿಯಿಂದ ತುದಿಗೆ ಸುಮಾರು 15ರಿಂದ 18 ಸೆಂಟಿಮೀಟರ್ ಇರುತ್ತದೆ. ಸಾಮಾನ್ಯವಾಗಿ ಹೆಣ್ಣು ಗಂಡಿಗಿಂತ ದೊಡ್ಡದು. ಗಂಡಿನ ಬಣ್ಣ ಹೆಚ್ಚಾಗಿ ಇಟ್ಟಿಗೆಯ ಕೆಂಪು ಅಥವಾ ಕಂದು. ಹೆಣ್ಣಿನದು ಹಳದಿ ಅಥವಾ ಬೂದು. ಇವು ಬದಲಾಗುವ ಲಕ್ಷಣಗಳು.

ಇನ್ನು ಸ್ಥಿರವಾದ ಲಕ್ಷಣಗಳನ್ನು ನೋಡೋಣ. ಮೊದಲನೆಯದಾಗಿ, ನಾಲ್ಕು ರೆಕ್ಕೆಗಳಲ್ಲಿಯೂ ಒಂದೊಂದು ಕಣ್ಣಿನಾಕಾರದ ಗುರುತು ಇದೆ. ಅದರ ನಡುವಣ ಭಾಗದಲ್ಲಿ ಹುರುಪೆಗಳಿರುವುದಿಲ್ಲ. ಆ ಕಾರಣದಿಂದ ಅದು ಗಾಜಿನ ಕಿಟಕಿಯಂತೆ ಪಾರದರ್ಶಕವಾಗಿರುತ್ತದೆ. ಪತಂಗವನ್ನು ಪುಸ್ತಕದ ಹಾಳೆಯ ಮೇಲಿಟ್ಟರೆ ಆ ಕಿಟಕಿಯ ಮೂಲಕ ಕೆಳಗಿನ ಅಕ್ಷರ ಕಾಣಬಹುದು. ಅದರ ಸುತ್ತ ಬೇರೆ ಬೇರೆ ಬಣ್ಣದ ಸಣ್ಣ ಬಳೆಗಳಿರುತ್ತವೆ. ಎರಡನೆಯದಾಗಿ, ಮುಂರೆಕ್ಕೆಯ ಮುಂದಿನ ಅಂಚಿನುದ್ದಕ್ಕೂ ಬೂದುಬಣ್ಣದ ಪಟ್ಟಿಯಿದೆ. ಮೂರನೆಯದಾಗಿ, ರೆಕ್ಕೆಯ ಹೊರ ಅಂಚಿಗೆ ಸಮೀಪವಾಗಿ ಒಂದು ಗೆರೆ ಅಡ್ಡಲಾಗಿ ಹಾದುಹೋಗುತ್ತದೆ. ನಾಲ್ಕನೆಯದಾಗಿ, ಗಂಡಿನ ಮುಂರೆಕ್ಕೆಯ ತುದಿ ಕುಡುಗೋಲಿನಂತೆ ಬಾಗಿರುತ್ತದೆ; ಹೆಣ್ಣಿನಲ್ಲಿ ಈ ಬಾಗು ಕಡಿಮೆ.

ಗಂಡುಹೆಣ್ಣುಗಳನ್ನು ಬೇರ್ಪಡಿಸಲು ಬಣ್ಣಕ್ಕಿಂತಲೂ ಕುಡಿಮೀಸೆ ಹೆಚ್ಚು ನಂಬತಕ್ಕದ್ದು. ಗಂಡಿನ ಕುಡಿಮೀಸೆ ಹಕ್ಕಿಯ ಗರಿಯಂತೆ ಅಗಲವಾಗಿರುತ್ತದೆ, ಹೆಣ್ಣಿನದು ಕಿರಿದು. ಹೆಣ್ಣು ಸೂಸುವ ವಾಸನೆಯನ್ನು ಕತ್ತಲಲ್ಲಿ ಬಹುದೂರದಿಂದ ಗ್ರಹಿಸಿ ಅದರ ಬಳಿಗೆ ಹಾರಿಬರುವುದಕ್ಕೆ ಈ ಅಗಲವಾದ ಕುಡಿಮೀಸೆಯೇ ಗಂಡಿಗೆ ಸಾಧನ. ಹೆಣ್ಣಿನ ಉದರವು ಮೊಟ್ಟೆಗಳಿಂದ ತುಂಬಿ ದಪ್ಪವಾಗಿರುತ್ತದೆ. ಬೆಳೆದ ಪತಂಗಕ್ಕೆ ಆಹಾರ ಸೇವಿಸುವ ಬಾಯಿಯೇ ಇಲ್ಲವೆನ್ನಬಹುದು. ಆ ಅವಯವಗಳು ಕ್ಷೀಣಿಸಿಹೋಗಿವೆ. ಹುಳುವಾಗಿದ್ದಾಗ ಕೂಡಿಸಿಕೊಂಡ ಶಕ್ತಿಯಿಂದಲೇ ಅದು ಕೆಲವು ದಿನ ಬದುಕಿ, ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ.

ಹುಳು ಮತ್ತು ಗೂಡು

ಮೊಟ್ಟೆಯಿಂದ ಹೊರಬಂದ ಹುಳು ಬೆಳೆಯುತ್ತ ನಾಲ್ಕು ಬಾರಿ ಪೊರೆ ಬಿಡುತ್ತದೆ. ನಮ್ಮ ರೇಷ್ಮೆ ಬೆಳೆಗಾರರು ಇದನ್ನು ಜ್ವರವೆಂದು ಕರೆಯುವರು. ಹುಳು ಆಗ ಮೇವನ್ನು ಬಿಟ್ಟು ತಲೆಯೆತ್ತಿಕೊಂಡು ಅಲುಗಾಡದೆ ಇರುವುದರಿಂದ ಆ ಮಾತು ಬಹಳ ಒಪ್ಪುತ್ತದೆ. ಟಸರ್ ಹುಳು ಬೆಳೆದ ಮೇಲೆ ಹಸುರಾಗಿ, ಎಲೆಗಳ ನಡುವೆ ಗುರುತಿಸಲಾಗದಂತೆ ಇರುತ್ತದೆ. ಮೈಮೇಲೆ ಸಾಲುಸಾಲಾಗಿ ಸಣ್ಣ ಗಂಟುಗಳೂ, ಪಕ್ಕದಲ್ಲಿ ಬೆಳ್ಳಿಯಂತೆ ಹೊಳೆಯುವ ಚುಕ್ಕೆಗಳೂ ಇರುವುವು. ಹಿಪ್ಪುನೇರಳೆಯ ಹುಳುವನ್ನು ಮನೆಯೊಳಗೆ ತಟ್ಟೆಯಲ್ಲಿ ಸಾಕಬಹುದು; ಟಸರ್ ಹುಳುವನ್ನಾದರೋ ಮರದ ಮೇಲೆಯೇ ಬಿಟ್ಟು, ಹಕ್ಕಿ, ಇರುವೆ, ಕಣಜಗಳಿಂದ ಕಾಯಬೇಕು. ಜಾರ್ಖಂಡ, ಒಡಿಶಾ, ಛತ್ತೀಸಗಢಗಳ ಆದಿವಾಸಿ ಜನರು ತಲೆತಲಾಂತರದಿಂದ ಈ ಕಾವಲನ್ನು ನಡೆಸಿಕೊಂಡು ಬಂದಿದ್ದಾರೆ.

ಗೂಡಿನ ರಚನೆಯಲ್ಲಿ ಒಂದು ವೈಶಿಷ್ಟ್ಯವಿದೆ. ಹುಳು ಮೊದಲು ಎಳೆಕೊಂಬೆಯ ಸುತ್ತ ನೂಲಿನ ಉಂಗುರವೊಂದನ್ನು ಕಟ್ಟಿ, ಅದರಿಂದ ಗಟ್ಟಿಯಾದ ತೊಟ್ಟನ್ನು ಇಳಿಬಿಟ್ಟು, ಆ ತೊಟ್ಟಿನ ತುದಿಯಲ್ಲಿ ಮೊಟ್ಟೆಯಾಕಾರದ ಗೂಡನ್ನು ನೇಯುತ್ತದೆ. ದೂರದಿಂದ ನೋಡಿದವರು ಅದನ್ನು ಮರದ ಕಾಯಿಯೆಂದೇ ತಿಳಿಯುವರು. ಗೂಡಿನ ಗೋಡೆಯಲ್ಲಿ ಅಂಟಿನೊಂದಿಗೆ ಸುಣ್ಣದ ಆಕ್ಸಲೇಟ್ ಲವಣವೂ ಸೇರಿರುವುದರಿಂದ ಅದು ಒಣಗಿದ ಚಿಪ್ಪಿನಂತೆ ಗಟ್ಟಿ. ಅದರೊಳಗೆ ಕೋಶಾವಸ್ಥೆಯ ಜೀವಿ ಒಣದಿನಗಳ ಹಲವು ತಿಂಗಳನ್ನು ನಿದ್ರೆಯಲ್ಲಿ ಕಳೆದು, ಮಳೆಗಾಲದ ಹೊತ್ತಿಗೆ ಪತಂಗವಾಗುತ್ತದೆ. ಹೊರಬರುವಾಗ ಒಂದು ದ್ರವವನ್ನು ಸ್ರವಿಸಿ, ಗೂಡಿನ ಒಂದು ತುದಿಯನ್ನು ಮೆದುವಾಗಿಸಿ, ಎಳೆಗಳನ್ನು ಸರಿಸಿಕೊಂಡು ಬರುತ್ತದೆ. ಟಸರ್ ಎಂಬ ಹೆಸರು ನೇಕಾರರ ಲಾಳಿ ಎಂಬ ಅರ್ಥವುಳ್ಳ ‘ತಸರ’ ಎಂಬ ಸಂಸ್ಕೃತ ಪದದಿಂದ ಬಂದುದೆಂದು ನಿಘಂಟುಕಾರರು ಹೇಳುತ್ತಾರೆ.

ಎಳೆಯ ಸಾಕ್ಷ್ಯ

ಪತಂಗದ ರೆಕ್ಕೆಯಾಗಲಿ ಗೂಡಿನ ತೊಟ್ಟಾಗಲಿ ಉತ್ಖನನದಲ್ಲಿ ಸಿಕ್ಕುವ ಸಂಭವ ಬಹಳ ಕಡಿಮೆ. ಅಲ್ಲಿ ಸಿಕ್ಕಬಹುದಾದುದು ಎಳೆಯ ತುಣುಕು ಮಾತ್ರ. ಅದೃಷ್ಟವಶಾತ್ ಎಳೆಯೂ ತನ್ನ ಕುಲವನ್ನು ಹೇಳಬಲ್ಲುದು. ರೇಷ್ಮೆಯ ಎಳೆಯೆಂಬುದು ಹುಳುವಿನ ಎರಡು ಗ್ರಂಥಿಗಳಿಂದ ಬಂದ ಜೋಡಿ ನಾರು. ಅಂಟು ಅವೆರಡನ್ನು ಒಂದಾಗಿ ಹಿಡಿದಿರುತ್ತದೆ. ನಾರನ್ನು ಅಡ್ಡವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಿಪ್ಪುನೇರಳೆ ರೇಷ್ಮೆಯ ನಾರು ಮೂಲೆಗಳು ದುಂಡಗಾದ ತ್ರಿಕೋನದಂತೆ ಕಾಣುತ್ತದೆ. ಟಸರ್ ನಾರು ಚಪ್ಪಟೆಯಾಗಿ, ಬೆಣೆಯಂತೆ ಉದ್ದವಾಗಿರುತ್ತದೆ. ಅದರ ಮೈಯುದ್ದಕ್ಕೂ ಸೂಕ್ಷ್ಮವಾದ ಗೀರುಗಳಿರುತ್ತವೆ. ಒಳಗಿನ ಪ್ರೋಟೀನಿನಲ್ಲಿಯೂ ವ್ಯತ್ಯಾಸವಿದೆ: ಹಿಪ್ಪುನೇರಳೆ ರೇಷ್ಮೆಯಲ್ಲಿ ಗ್ಲೈಸೀನ್ ಎಂಬ ಅಂಶ ಅಧಿಕ, ಟಸರಿನಲ್ಲಿ ಅಲನೀನ್ ಅಧಿಕ. ಪತಂಗದ ಬಣ್ಣದಂತೆ ಇವು ಊರಿಂದೂರಿಗೆ ಬದಲಾಗುವ ಲಕ್ಷಣಗಳಲ್ಲ.

ಈ ತಿಳಿವಳಿಕೆಯ ಫಲವಾಗಿ 2009ರಲ್ಲಿ ಒಂದು ಮಹತ್ತ್ವದ ಸಂಗತಿ ಪ್ರಕಟವಾಯಿತು. ಐರೀನ್ ಗುಡ್, ಕೆನೋಯರ್ ಮತ್ತು ಮೆಡೋ ಎಂಬ ಸಂಶೋಧಕರು ಹರಪ್ಪದಲ್ಲಿ ದೊರೆತ ತಾಮ್ರಮಿಶ್ರಲೋಹದ ಆಭರಣಗಳ ಒಳಗೂ, ಚಾನ್ಹುದಾರೋವಿನಲ್ಲಿ ದೊರೆತ ಬಳಪದ ಕಲ್ಲಿನ ಮಣಿಗಳ ಒಳಗೂ ಉಳಿದಿದ್ದ ದಾರದ ತುಣುಕುಗಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಅವು ರೇಷ್ಮೆಯೆಂದು ಸಾರಿದರು. ಅವುಗಳ ಕಾಲ ಸುಮಾರು ಕ್ರಿ.ಪೂ. 2450ರಿಂದ 2000. ಆ ನಾರುಗಳು ಹಿಪ್ಪುನೇರಳೆ ರೇಷ್ಮೆಯವಲ್ಲ. ಹರಪ್ಪದ ನಾರುಗಳಲ್ಲಿ ಆಂಥೀರಿಯ ಜಾತಿಯ ಲಕ್ಷಣಗಳು ಕಂಡುಬಂದುವು. ಇದಕ್ಕೂ ಮುಂಚೆ, ಮಹಾರಾಷ್ಟ್ರದ ಪ್ರವರಾ ನದೀತೀರದ ನೇವಾಸದಲ್ಲಿ ತಾಮ್ರದ ಮಣಿಗಳನ್ನು ಪೋಣಿಸಿದ್ದ ದಾರದಲ್ಲಿ ರೇಷ್ಮೆಯಿತ್ತೆಂದು ಗುಲಾಟಿ ಎಂಬ ನಾರುತಜ್ಞರು 1961ರಲ್ಲಿ ವರದಿ ಮಾಡಿದ್ದರು. ಅದು ಕ್ರಿ.ಪೂ. ಎರಡನೆಯ ಸಹಸ್ರಮಾನದ ತಾಮ್ರಶಿಲಾಯುಗದ ಸಂಸ್ಕೃತಿಗೆ ಸೇರಿದುದು.

ಇವುಗಳಿಂದ ಏನು ಸಿದ್ಧವಾಗುತ್ತದೆ, ಏನು ಸಿದ್ಧವಾಗುವುದಿಲ್ಲ ಎಂಬುದನ್ನು ಎಚ್ಚರಿಕೆಯಿಂದ ಬೇರ್ಪಡಿಸಬೇಕು. ಸಿಂಧೂ ನಾಗರಿಕತೆಯ ಜನರು ಕಾಡುಪತಂಗದ ರೇಷ್ಮೆಯನ್ನು ಬಲ್ಲರೆಂಬುದು ಸಿದ್ಧವಾಗುತ್ತದೆ. ಹಿಪ್ಪುನೇರಳೆಯ ಹುಳುವನ್ನು ಸಾಕುವ ವಿದ್ಯೆ ಚೀನಾದಲ್ಲಿ ಬೆಳೆಯಿತೆಂಬ ಮಾತಿಗೆ ಇದರಿಂದ ಬಾಧೆಯಿಲ್ಲ. ಏಕೆಂದರೆ ಪತಂಗವೇ ಬೇರೆ. ರೇಷ್ಮೆಯೆಲ್ಲ ಒಂದೇ ಮೂಲದಿಂದ ಬಂದಿತೆಂಬ ಭಾವನೆ ಮಾತ್ರ ನಿಲ್ಲಲಾರದು. ಕೆಲವೇ ತುಣುಕುಗಳ ಆಧಾರದ ಮೇಲೆ ಸಿಂಧೂ ಕಣಿವೆಯಲ್ಲಿ ದೊಡ್ಡ ರೇಷ್ಮೆ ಉದ್ಯಮವಿತ್ತೆಂದು ಹೇಳಹೋಗುವುದೂ ಅಷ್ಟೇ ತಪ್ಪಾದೀತು.

ಗ್ರಂಥಗಳ ಸಾಕ್ಷ್ಯ

ಎಳೆಯಷ್ಟು ಖಚಿತವಾಗಿ ಪದಗಳು ಮಾತನಾಡಲಾರವು. ಕೌಶೇಯವೆಂದರೆ ಕೋಶದಿಂದ, ಎಂದರೆ ಗೂಡಿನಿಂದ ಹುಟ್ಟಿದುದು. ಆ ಪದದ ವ್ಯುತ್ಪತ್ತಿಯನ್ನು ಪಾಣಿನಿಯೇ ವಿಧಿಸಿದ್ದಾನೆ. ಆದರೆ ಯಾವ ಪತಂಗದ ಕೋಶವೆಂಬುದು ಪದದಿಂದ ತಿಳಿಯದು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ಹಸ್ತಪ್ರತಿಯಿಂದ ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಪತ್ರೋರ್ಣ, ಕೌಶೇಯ, ಚೀನಪಟ್ಟ ಎಂಬ ಮೂರು ಹೆಸರುಗಳು ಒಟ್ಟಿಗೆ ಬರುತ್ತವೆ. ಚೀನಪಟ್ಟವನ್ನು ಬೇರೆಯಾಗಿ ಹೇಳಿರುವುದರಿಂದ, ಉಳಿದವುಗಳಲ್ಲಿ ಈ ದೇಶದ ರೇಷ್ಮೆಯೂ ಇತ್ತೆಂದು ಊಹಿಸಲು ಅವಕಾಶವಿದೆ. ಪತ್ರೋರ್ಣವು ಮಗಧ, ಪುಂಡ್ರ ಮುಂತಾದ ಪ್ರದೇಶಗಳದೆಂದೂ ನಾಗವೃಕ್ಷ, ಲಿಕುಚ, ಬಕುಳ, ವಟ ಎಂಬ ಮರಗಳಿಂದ ದೊರೆಯುವುದೆಂದೂ ಅಲ್ಲಿ ಹೇಳಿದೆ. ಇದನ್ನು ಟಸರ್ ಎಂದೇ ತೀರ್ಮಾನಿಸಿಬಿಡುವುದು ಸುಲಭ. ಆದರೆ ಆ ಪಟ್ಟಿಯಲ್ಲಿ ಟಸರ್ ಹುಳುವಿನ ಮುಖ್ಯ ಆಹಾರವಾದ ಮತ್ತಿಯಾಗಲಿ ಸಾಲವಾಗಲಿ ಇಲ್ಲ. ಅಲ್ಲದೆ ಅರ್ಥಶಾಸ್ತ್ರದ ಕಾಲವನ್ನು ಕುರಿತೇ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮೌರ್ಯರ ಕಾಲದ್ದೆಂದು ಕೆಲವರೂ, ಕ್ರಿಸ್ತಶಕದ ಆರಂಭದ ಶತಮಾನಗಳದೆಂದು ಕೆಲವರೂ ಹೇಳುತ್ತಾರೆ.

ಮಂದಸೋರಿನ ಪ್ರಸಿದ್ಧ ಶಾಸನದಲ್ಲಿ ಲಾಟದೇಶದಿಂದ ವಲಸೆ ಬಂದ ರೇಷ್ಮೆ ನೇಕಾರರ ಶ್ರೇಣಿಯೊಂದು ಸೂರ್ಯದೇವಾಲಯವನ್ನು ಕಟ್ಟಿಸಿದ ಸಂಗತಿಯಿದೆ. ದೇವಾಲಯ ಕ್ರಿ.ಶ. 436ರದು, ಜೀರ್ಣೋದ್ಧಾರ 473ರದು. ಅವರ ಮಗ್ಗದ ಮೇಲಿದ್ದ ನೂಲು ಯಾವ ಪತಂಗದ್ದೆಂಬುದನ್ನು ಶಾಸನ ಹೇಳುವುದಿಲ್ಲ. ಕನ್ನಡದಲ್ಲಿಯೂ ಇದೇ ತೊಡಕು. ಪಟ್ಟೆ ಎಂಬುದು ಸಂಸ್ಕೃತದ ಪಟ್ಟದಿಂದ ಬಂದುದು, ರೇಷ್ಮೆ ಎಂಬುದು ಪಾರಸಿಯಿಂದ ಬಂದುದು. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನನ ಪ್ರಯತ್ನದಿಂದ ಮೈಸೂರು ಸೀಮೆಯಲ್ಲಿ ಹಿಪ್ಪುನೇರಳೆಯ ಬೇಸಾಯ ಬೇರೂರಿದ ಮೇಲೆ, ರೇಷ್ಮೆಯೆಂದೊಡನೆ ಆ ಒಂದು ಹುಳುವೇ ನಮ್ಮ ಮನಸ್ಸಿಗೆ ಬರುವಂತಾಯಿತು. ಈ ಅರ್ಥವನ್ನು ಹಿಂದಿನ ಶಾಸನ, ಕಾವ್ಯಗಳ ಪಟ್ಟೆಗೆ ಆರೋಪಿಸುವ ಮುನ್ನ ನಾವು ಒಂದು ಕ್ಷಣ ನಿಲ್ಲಬೇಕು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಬೋಧಕರಿಗೂ ವಿದ್ಯಾರ್ಥಿಗಳಿಗೂ ಎರಡು ಸಲಹೆಗಳು ಫಲಿಸುತ್ತವೆ. ಮೊದಲನೆಯದು, ರೇಷ್ಮೆಯ ಇತಿಹಾಸವನ್ನು ಹೇಳುವಾಗ ಯಾವ ರೇಷ್ಮೆಯೆಂಬುದನ್ನು ಸೇರಿಸಿ ಹೇಳುವುದು. ಹಿಪ್ಪುನೇರಳೆಯ ರೇಷ್ಮೆ ಚೀನಾದಿಂದ ಹರಡಿತು. ಟಸರ್ ಮೊದಲಾದ ಕಾಡುರೇಷ್ಮೆಗಳು ಈ ದೇಶದಲ್ಲಿ ಕ್ರಿ.ಪೂ. ಮೂರನೆಯ ಸಹಸ್ರಮಾನದಿಂದಲೇ ಬಳಕೆಯಲ್ಲಿದ್ದುವು. ಒಂದು ವಾಕ್ಯದ ಬದಲು ಎರಡಾಯಿತು, ಅಷ್ಟೆ.

ಎರಡನೆಯದು ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳಿಗೆ. ಹರಪ್ಪದ ದಾರ ಉಳಿದುದು ಲೋಹದ ಮರೆಯಲ್ಲಿ. ಚಾನ್ಹುದಾರೋವಿನ ದಾರ ಉಳಿದುದು ಮಣಿಯ ರಂಧ್ರದಲ್ಲಿ. ಎರಡೂ ಕಡೆ ಅದು ಬರಿಗಣ್ಣಿಗೆ ಕಸದಂತೆ ತೋರತಕ್ಕ ವಸ್ತು. ಕರ್ನಾಟಕದ ನವಶಿಲಾಯುಗದ ಮತ್ತು ಬೃಹತ್ ಶಿಲಾಯುಗದ ನೆಲೆಗಳಲ್ಲಿ ಮಣಿಗಳು ಹೇರಳವಾಗಿ ಸಿಕ್ಕಿವೆ, ಇನ್ನೂ ಸಿಕ್ಕಲಿವೆ. ಕೈಗೆ ಬಂದ ಮಣಿಯನ್ನು ಒಡನೆಯೇ ನೀರಿನಲ್ಲಿ ತೊಳೆದು, ಕಡ್ಡಿಯಿಂದ ರಂಧ್ರವನ್ನು ಚುಚ್ಚಿ ಶುಚಿಮಾಡುವ ಅಭ್ಯಾಸವನ್ನು ಬಿಡಬೇಕು. ಮಣ್ಣುಸಹಿತವಾಗಿ ಅದನ್ನು ಕಾಗದದಲ್ಲಿ ಸುತ್ತಿ, ದೊರೆತ ಸ್ಥಳವನ್ನು ಗುರುತುಮಾಡಿ, ಸೂಕ್ಷ್ಮದರ್ಶಕವುಳ್ಳ ಪ್ರಯೋಗಶಾಲೆಗೆ ಒಪ್ಪಿಸಬೇಕು. ಆ ರಂಧ್ರದಲ್ಲಿ ಹತ್ತಿಯಿದ್ದೀತು, ನಾರಿದ್ದೀತು, ಏನೂ ಇಲ್ಲದಿದ್ದೀತು. ಮತ್ತಿಮರದ ಪತಂಗದ ಎಳೆಯೊಂದು ಇದ್ದರೆ, ಈ ನಾಡಿನ ಬಟ್ಟೆಯ ಇತಿಹಾಸದ ಮೊದಲ ಅಧ್ಯಾಯವನ್ನು ಅದರಿಂದ ಬರೆಯಬೇಕಾಗುತ್ತದೆ.